ಎಸ್‌ಡಬ್ಲ್ಯುಆರ್ ಒಂದನ್ನೇ ನಂಬಬೇಡಿ: ಮನೆಯ ಮೇಲೆ ಸಿಬಿ ಆಂಟೆನಾ ನಿಲ್ಲಿಸಿದವರಿಗೊಂದು ಬಹಿರಂಗ ಪತ್ರ

ಅಮೆರಿಕದ ಬೇರೆ ಬೇರೆ ಊರುಗಳಲ್ಲಿ ಮನೆಯ ಮೇಲೋ ಹಿತ್ತಲಲ್ಲೋ ಸಿಬಿ (ಸಿಟಿಜನ್ಸ್ ಬ್ಯಾಂಡ್ ರೇಡಿಯೊ) ಆಂಟೆನಾ ನಿಲ್ಲಿಸಿರುವ, ನಿಲ್ಲಿಸಲು ಹೊರಟಿರುವ ಕನ್ನಡಿಗ ಗೆಳೆಯ ಗೆಳತಿಯರಿಗೆ,



ಆಂಟೆನಾ ಹೇಗಿದೆ ಎಂದು ನಿಮ್ಮಲ್ಲಿ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: “ಎಸ್‌ಡಬ್ಲ್ಯುಆರ್ 1.2 ತೋರಿಸ್ತಿದೆ, ಚೆನ್ನಾಗಿದೆ.” ಅಲ್ಲಿಗೆ ಮಾತು ಮುಗಿಯುತ್ತದೆ. ಅದೇ ಮಂದಿ ಕೆಲವು ತಿಂಗಳ ನಂತರ ಸಿಕ್ಕಾಗ, ಪಕ್ಕದ ಕೌಂಟಿಯವರಿಗೂ ತಮ್ಮ ದನಿ ಮುಟ್ಟುತ್ತಿಲ್ಲ, ಆಂಟೆನಾ ಸರಿಯಿಲ್ಲ, ಇನ್ನೂ ದೊಡ್ಡದು ತರಿಸಬೇಕು ಎನ್ನುತ್ತಾರೆ. ಸರಿಯಿಲ್ಲದ್ದು ಬಹಳ ಸಲ ಆಂಟೆನಾ ಅಲ್ಲ, ಅದನ್ನು ಅಳೆದ ರೀತಿ. ಒಂದು ಸಂಖ್ಯೆಯನ್ನು ಓದಿಕೊಂಡು, ಅದು ಹೇಳದ ಸಂಗತಿಗಳನ್ನೆಲ್ಲ ಅದೇ ಹೇಳಿತು ಎಂದು ನಂಬಿದ್ದೇವೆ. ಅದನ್ನು ಬಿಡಿಸಿ ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ರೇಡಿಯೊದ ಬೆನ್ನಿನಿಂದ ಆಂಟೆನಾ ಕೇಬಲ್ ಬಿಚ್ಚಿ ಅಲ್ಲಿಗೆ ಒಂದು ಡಮ್ಮಿ ಲೋಡ್ ಸಿಕ್ಕಿಸಿ. ಲೋಹದ ಡಬ್ಬಿಯಲ್ಲಿ ಕೂರಿಸಿದ 50 ಓಮಿನ ರೆಸಿಸ್ಟರ್ ಅದು, ಬೇರೇನಲ್ಲ. ಈಗ ಮೈಕ್ ಒತ್ತಿ ಎಸ್‌ಡಬ್ಲ್ಯುಆರ್ ನೋಡಿದರೆ 1.0 ಅಥವಾ ಅದರ ಆಸುಪಾಸು. ನಿಮ್ಮ ಆಂಟೆನಾ ಎಂದೂ ಕೊಡದಷ್ಟು ಒಳ್ಳೆಯ ಅಂಕಿ. ಆದರೆ ರೇಡಿಯೊ ಕೊಟ್ಟ ಶಕ್ತಿಯೆಲ್ಲ ಆ ಡಬ್ಬಿಯೊಳಗೆ ಬಿಸಿಯಾಗಿ ಹೋಗುತ್ತಿದೆ, ಆಕಾಶಕ್ಕೆ ಏನೂ ಹೊರಡುತ್ತಿಲ್ಲ. ಎಸ್‌ಡಬ್ಲ್ಯುಆರ್ ಹೇಳುವುದು ಇಷ್ಟನ್ನೇ: ಮೀಟರಿನಿಂದ ಮುಂದೆ ಹೋದ ಶಕ್ತಿಯಲ್ಲಿ ಎಷ್ಟು ಹಿಂದಕ್ಕೆ ಬಂತು ಎಂದು. ಹಿಂದೆ ಬಾರದ ಶಕ್ತಿ ಅಲೆಯಾಗಿ ಹೊರಟಿತೋ, ಕೇಬಲ್ಲಿನಲ್ಲಿ ಕರಗಿತೋ, ತುಕ್ಕು ಹಿಡಿದ ಕನೆಕ್ಟರಿನಲ್ಲಿ ಬಿಸಿಯಾಯಿತೋ ಎಂಬುದು ಆ ಮೀಟರಿಗೆ ಗೊತ್ತಿಲ್ಲ.

ಈಚಿನ ವರ್ಷಗಳಲ್ಲಿ ಸೂರ್ಯನ ಕಲೆಗಳ 25ನೇ ಚಕ್ರ ಏರಿದ್ದರಿಂದ ಸಿಬಿಯ 27 ಮೆಗಾಹರ್ಟ್ಸ್ ಪಟ್ಟಿ ಮತ್ತೆ ಕಳೆಕಟ್ಟಿದೆ. ಹಗಲಲ್ಲಿ ಸಾವಿರಾರು ಮೈಲಿ ಆಚೆಯ ದನಿಗಳು ತೇಲಿ ಬರುತ್ತಿವೆ. 2021ರಲ್ಲಿ ಅಮೆರಿಕದ ಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿ ಸಿಬಿಯಲ್ಲಿ ಎಫ್‌ಎಂಗೂ ಅನುಮತಿ ಕೊಟ್ಟಿತು. ಲೈಸೆನ್ಸಿನ ಗೊಡವೆ 1983ರಲ್ಲೇ ಹೋಗಿದೆ. ಅಂಗಡಿಯಿಂದ ತಂದ ದಿನವೇ ಮಾತಾಡಬಹುದು. ಇದು ಸಿಬಿಯ ದೊಡ್ಡ ಗುಣ. ಆದರೆ ಹ್ಯಾಮ್ (ಹವ್ಯಾಸಿ ರೇಡಿಯೊ ಬಳಕೆದಾರ) ಆಗುವವರು ಪರೀಕ್ಷೆಗೆ ಓದುವಾಗ ಕೇಬಲ್ಲು, ಆಂಟೆನಾ, ಓಮು ಎಂದು ಒಂದಿಷ್ಟನ್ನು ಕಲಿತೇ ಬರುತ್ತಾರೆ. ನಮಗೆ ಆ ಪಾಠವನ್ನು ಯಾರೂ ಹೇಳುವುದಿಲ್ಲ. ನಮಗಿರುವುದು ಎಎಂ, ಎಫ್‌ಎಂಗಳಲ್ಲಿ 4 ವ್ಯಾಟ್, ಎಸ್‌ಎಸ್‌ಬಿಯಲ್ಲಿ 12 ವ್ಯಾಟ್ ಪೀಕ್. ಹೊರಗಿನ ಆಂಪ್ಲಿಫೈಯರ್ ಹಾಕುವುದು ಕಾನೂನಿಗೆ ವಿರುದ್ಧ. ಇರುವ 4 ವ್ಯಾಟ್ ಆಂಟೆನಾದವರೆಗೆ ತಲುಪುತ್ತದೆಯೇ, ತಲುಪಿದ ಮೇಲೆ ಅಲ್ಲಿಂದ ಹೊರಡುತ್ತದೆಯೇ ಎಂದು ತಿಳಿಯುವುದು ಆದ್ದರಿಂದಲೇ ನಮಗೆ ಹೆಚ್ಚು ಮುಖ್ಯ.

ಮೊದಲು ಮೀಟರನ್ನೇ ಪರೀಕ್ಷಿಸಿ. ಡಮ್ಮಿ ಲೋಡಿಗೆ 1.0ರ ಹತ್ತಿರ ತೋರಿಸಿದರೆ ಅರ್ಧ ಪರೀಕ್ಷೆ ಮುಗಿಯಿತು. ಇನ್ನರ್ಧಕ್ಕೆ ಒಂದು ಟಿ ಕನೆಕ್ಟರ್ ತೆಗೆದುಕೊಂಡು ಅದರ ಎರಡು ಕಡೆಗೂ ಒಂದೊಂದು 50 ಓಮಿನ ಲೋಡ್ ಸಿಕ್ಕಿಸಿ. ಎರಡೂ ಸೇರಿ 25 ಓಮ್ ಆಗುತ್ತದೆ. ಮೀಟರ್ 2.0 ತೋರಿಸಬೇಕು. 1.5 ಎಂದೋ 3 ಎಂದೋ ತೋರಿಸಿದರೆ ಆ ಮೀಟರಿನ ಮಾತನ್ನು ಕೇಳಿಕೊಂಡು ಆಂಟೆನಾ ಕತ್ತರಿಸಲು ಹೋಗಬೇಡಿ. ರೇಡಿಯೊದೊಳಗೇ ಇರುವ ಸಣ್ಣ ಮೀಟರುಗಳನ್ನೂ ಹೀಗೆ ಒಮ್ಮೆ ನೋಡಿಬಿಡುವುದು ಒಳ್ಳೆಯದು.

ಇನ್ನು ಸಿಬಿಯ 40 ಚಾನೆಲ್‌ಗಳ ವ್ಯಾಪ್ತಿ. ಒಂದನೇ ಚಾನೆಲ್ 26.965 ಮೆಗಾಹರ್ಟ್ಸ್, 40ನೆಯದು 27.405. ಟ್ರಕ್ಕಿನವರ 19ನೇ ಚಾನೆಲ್ 27.185ರಲ್ಲಿ, ತುರ್ತಿನ 9ನೆಯದು 27.065ರಲ್ಲಿ. ಮೊದಲಿನಿಂದ ಕೊನೆಯವರೆಗೆ 440 ಕಿಲೋಹರ್ಟ್ಸ್ ಮಾತ್ರ, ಎಂದರೆ ನಡುವಿನ ಆವರ್ತನದ ಶೇಕಡಾ 1.6. ಸುಸ್ಥಿತಿಯ ಯಾವ ಬೇಸ್ ಆಂಟೆನಾವೂ ಈ ಇಡೀ ಪಟ್ಟಿಯನ್ನು ಸುಲಭವಾಗಿ ಹಿಡಿಯಬೇಕು. 1ರಲ್ಲಿ, 20ರಲ್ಲಿ, 40ರಲ್ಲಿ ಎಸ್‌ಡಬ್ಲ್ಯುಆರ್ ಓದಿ ಬರೆದುಕೊಳ್ಳಿ. 1ನೇ ಚಾನೆಲ್‌ನಲ್ಲಿ ಹೆಚ್ಚು, 40ರಲ್ಲಿ ಕಡಿಮೆ ಇದ್ದರೆ ಆಂಟೆನಾ ಗಿಡ್ಡ. ತಿರುಗುಮುರುಗಾದರೆ ಉದ್ದ. ಎರಡು ತುದಿಯಲ್ಲೂ ಸಮನಾಗಿದ್ದರೆ ಅದನ್ನು ಮುಟ್ಟಬೇಡಿ.

1.5 ಇದ್ದುದನ್ನು 1.1ಕ್ಕೆ ಇಳಿಸಲು ಇಡೀ ವಾರಾಂತ್ಯ ಏಣಿಯ ಮೇಲೆ ಕಳೆಯುವವರಿಗೆ ಒಂದು ಮಾತು. 1.5ರಲ್ಲಿ ಹಿಂದಕ್ಕೆ ಬರುವ ಶಕ್ತಿ ನೂರಕ್ಕೆ ನಾಲ್ಕು ಪಾಲು. 2.0ರಲ್ಲಿ ಹನ್ನೊಂದು. ಡೆಸಿಬೆಲ್ ಲೆಕ್ಕದಲ್ಲಿ ಹೇಳುವುದಾದರೆ ಮೊದಲನೆಯದು 0.2ಕ್ಕಿಂತ ಕಡಿಮೆ, ಎರಡನೆಯದು 0.5. ಸಿಗ್ನಲ್ ಬಲ ತೋರಿಸುವ ಎಸ್ ಮೀಟರಿನ ಒಂದು ಮನೆ ಏರಲು ವಾಡಿಕೆಯ ಲೆಕ್ಕದಂತೆ 6 ಡೆಸಿಬೆಲ್ ಬೇಕು. ಹಾಗಿದ್ದ ಮೇಲೆ ಆ ಕಡೆ ಕೇಳುವವರಿಗೆ ನಿಮ್ಮ 1.5 ಯಾವುದು, 1.1 ಯಾವುದು ಎಂದು ಗೊತ್ತಾಗುವ ಮಾತೇ ಇಲ್ಲ. 3ನ್ನು ದಾಟಿದರೆ ಮಾತ್ರ ರೇಡಿಯೊದ ಕ್ಷೇಮಕ್ಕಾಗಿ ನಿಲ್ಲಿಸಿ, ಕಾರಣ ಹುಡುಕಿ.

ಇಡೀ ಪತ್ರದಲ್ಲಿ ನಾನು ಒತ್ತಿ ಹೇಳಬೇಕಾದದ್ದು ಕೇಬಲ್ಲಿನ ಮಾತು. 27 ಮೆಗಾಹರ್ಟ್ಸ್‌ನಲ್ಲಿ ತೆಳ್ಳಗಿನ ಆರ್‌ಜಿ-58 ಕೇಬಲ್ ನೂರು ಅಡಿಗೆ ಸುಮಾರು 2.5 ಡೆಸಿಬೆಲ್ ನುಂಗುತ್ತದೆ. ಕೆಳಗೆ 4 ವ್ಯಾಟ್ ಕೊಟ್ಟರೆ ಮೇಲಕ್ಕೆ ಮುಟ್ಟುವುದು 2.25. ದಪ್ಪನೆಯ ಆರ್‌ಜಿ-213 ಆದರೆ ನಷ್ಟ ಒಂದು ಡೆಸಿಬೆಲ್‌ನ ಆಸುಪಾಸು. ಎಲ್‌ಎಂಆರ್-400 ಆದರೆ 0.7, ಎಂದರೆ ಮೇಲಕ್ಕೆ 3.4 ವ್ಯಾಟ್. ಆಂಟೆನಾಕ್ಕೆ ನೂರಾರು ಡಾಲರ್ ಸುರಿದು ಕೇಬಲ್ಲಿನಲ್ಲಿ ಉಳಿಸಲು ಹೋದವರು ಇಲ್ಲೇ ಸೋತಿರುತ್ತಾರೆ.

ಶಕ್ತಿ ಕಡಿಮೆಯಾಗುವುದು ಒಂದು ಕಷ್ಟ. ಅದಕ್ಕಿಂತ ದೊಡ್ಡದು, ನಷ್ಟವಾಗುವ ಕೇಬಲ್ ನಿಮ್ಮ ಅಳತೆಯನ್ನೇ ಸುಳ್ಳು ಮಾಡುತ್ತದೆ. ತೋಟಕ್ಕೆ ನೀರು ಬಿಟ್ಟಾಗ ದಾರಿಯ ಕಾಲುವೆಯಲ್ಲೇ ಅರ್ಧ ಇಂಗಿಹೋದರೆ, ಕೊನೆಯಲ್ಲಿ ಒಡ್ಡು ಕಟ್ಟಿಕೊಂಡಿದ್ದರೂ ಹಿಂದಕ್ಕೆ ಉಕ್ಕಿ ಬರುವ ನೀರು ಪಂಪಿನ ಬಳಿ ಕಾಣುವುದಿಲ್ಲ. ಇಲ್ಲೂ ಹಾಗೆಯೇ. ಮೇಲೆ ಆಂಟೆನಾದ ಬುಡದಲ್ಲಿ ಎಸ್‌ಡಬ್ಲ್ಯುಆರ್ ನಿಜವಾಗಿ 3 ಇದೆ ಎಂದುಕೊಳ್ಳಿ. ಹೋಗುವಾಗ 2.5 ಡೆಸಿಬೆಲ್ ನಷ್ಟ, ಹಿಂದೆ ಬರುವಾಗ ಮತ್ತೆ 2.5. ಕೆಳಗೆ ನಿಮ್ಮ ಮೇಜಿನ ಮೇಲಿನ ಮೀಟರ್ ತೋರಿಸುವುದು 1.8. ನೀವು ಸಮಾಧಾನದಿಂದ ಮಾತಾಡುತ್ತೀರಿ. ಆಂಟೆನಾಕ್ಕೆ ಎರಡು ವ್ಯಾಟ್ ಕೂಡ ಮುಟ್ಟುತ್ತಿರುವುದಿಲ್ಲ. ಆಂಟೆನಾವನ್ನೇ ಪೂರ್ತಿ ಬಿಚ್ಚಿ ಆ ಕೇಬಲ್ಲಿನ ಮೇಲಿನ ತುದಿಯನ್ನು ಬರಿದೆ ಬಿಟ್ಟರೂ ಕೆಳಗೆ 3.6ರಷ್ಟೇ ಕಾಣುತ್ತದೆ. ಏನೂ ಇಲ್ಲದ ಕೇಬಲ್ 3.6 ತೋರಿಸುವಾಗ 2 ತೋರಿಸಿದ ಆಂಟೆನಾಕ್ಕೆ ಎಷ್ಟು ಅಂಕ ಕೊಡಬೇಕು ಎಂದು ನೀವೇ ಯೋಚಿಸಿ.

ಇದನ್ನು ಅಳೆಯುವುದು ಕಷ್ಟವೇನಲ್ಲ. ಈಗ ನ್ಯಾನೊವಿಎನ್‌ಎ ಎಂಬ ಅಂಗೈಯಗಲದ ಉಪಕರಣ ಒಂದು ಸಾಧಾರಣ ಸಿಬಿ ರೇಡಿಯೊಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಹಿಂದೆ ದೊಡ್ಡ ಪ್ರಯೋಗಾಲಯಗಳಲ್ಲಿ ಮಾತ್ರ ಇದ್ದ ನೆಟ್‌ವರ್ಕ್ ಅನಲೈಸರ್‌ನ ಕೆಲಸವನ್ನು ನಮ್ಮ ಅಗತ್ಯಕ್ಕೆ ಬೇಕಾದಷ್ಟು ಅದು ಮಾಡಿಕೊಡುತ್ತದೆ. ಕೇಬಲ್ಲಿನ ಮೇಲಿನ ತುದಿಯನ್ನು ಆಂಟೆನಾದಿಂದ ಬಿಚ್ಚಿ ಬರಿದೆ ಬಿಡಿ. ಕೆಳತುದಿಯನ್ನು ಉಪಕರಣಕ್ಕೆ ಸಿಕ್ಕಿಸಿ 27 ಮೆಗಾಹರ್ಟ್ಸ್ ಬಳಿ ರಿಟರ್ನ್ ಲಾಸ್, ಎಂದರೆ ಹಿಂದೆ ಬಂದ ಶಕ್ತಿ ಎಷ್ಟು ಡೆಸಿಬೆಲ್ ಕಡಿಮೆ ಎಂಬುದನ್ನು ನೋಡಿ. ಬಂದ ಡೆಸಿಬೆಲ್‌ನ ಅರ್ಧವೇ ನಿಮ್ಮ ಕೇಬಲ್ಲಿನ ಒಂದು ದಾರಿಯ ನಷ್ಟ. ಹೊಸ ಕೇಬಲ್ ತಂದ ದಿನವೇ, ಸುರುಳಿ ಬಿಚ್ಚುವ ಮುಂಚೆಯೇ ಇದನ್ನು ಅಳೆದು ಬರೆದಿಟ್ಟುಕೊಳ್ಳಿ. ಮುಂದೆ ಹೋಲಿಸಿ ನೋಡಲು ಆ ಅಂಕಿಯೇ ಆಧಾರ.

ಏಕೆಂದರೆ ಕೇಬಲ್ ಹಳೆಯದಾಗುವುದು ಕಣ್ಣಿಗೆ ಕಾಣುವುದಿಲ್ಲ. ನಾವೆಲ್ಲ ಬಳಸುವ ಪಿಎಲ್-259 ಕನೆಕ್ಟರ್ ನೀರು ತಡೆಯುವಂಥದ್ದಲ್ಲ. ಮಳೆಯ ನೀರು ಅದರ ಮೂಲಕ ಇಳಿದು ಒಳಗಿನ ತಾಮ್ರದ ಜಾಲರಿಯನ್ನು ಕಪ್ಪಾಗಿಸುತ್ತದೆ, ನಷ್ಟ ಏರುತ್ತದೆ. ನಷ್ಟ ಏರಿದಂತೆ ಕೆಳಗಿನ ಮೀಟರಿನಲ್ಲಿ ಎಸ್‌ಡಬ್ಲ್ಯುಆರ್ ಇಳಿಯುತ್ತದೆ! ಏನೂ ಮುಟ್ಟದಿದ್ದರೂ ಮೂರು ವರ್ಷದಲ್ಲಿ 1.6 ಇದ್ದದ್ದು 1.2 ಆಗಿದ್ದರೆ ಹಿಗ್ಗಬೇಡಿ, ಕೇಬಲ್ ಬದಲಿಸುವ ಹೊತ್ತು ಬಂದಿದೆ. ಕನೆಕ್ಟರಿನ ಸುತ್ತ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಬಿಗಿಯಾಗಿ ಸುತ್ತಿ, ಮನೆಯೊಳಕ್ಕೆ ಬರುವ ಮುಂಚೆ ಕೇಬಲ್ಲನ್ನು ಒಂದು ಕುಣಿಕೆಯಷ್ಟು ಕೆಳಗೆ ಇಳಿಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಆಂಟೆನಾವನ್ನೇ ಅಳೆಯುವಾಗ ಎಸ್‌ಡಬ್ಲ್ಯುಆರ್‌ಗಿಂತ ಒಳಗಿನ ಎರಡು ಅಂಕಿಗಳನ್ನು ನೋಡಲು ಕಲಿಯಿರಿ: ಆರ್ (ರೆಸಿಸ್ಟೆನ್ಸ್) ಮತ್ತು ಎಕ್ಸ್ (ರಿಯಾಕ್ಟೆನ್ಸ್), ಎರಡೂ ಓಮಿನಲ್ಲಿ. 25 ಓಮಿನ ಆಂಟೆನಾ, 100 ಓಮಿನ ಆಂಟೆನಾ ಎರಡೂ ಮೀಟರಿನಲ್ಲಿ 2.0 ಎಂದೇ ತೋರುತ್ತವೆ. ಮಾಡಬೇಕಾದ ಚಿಕಿತ್ಸೆ ಮಾತ್ರ ಬೇರೆ ಬೇರೆ. ಕಾಲು ತರಂಗದ ನೇರ ಆಂಟೆನಾಕ್ಕೆ ಬುಡದ ಕಡ್ಡಿಗಳಾದ ರೇಡಿಯಲ್‌ಗಳು ಅಡ್ಡಡ್ಡ ಚಾಚಿದ್ದರೆ ಅದರ ಸಹಜ ಆರ್ ಸುಮಾರು 36 ಓಮ್. ಅಂಥದ್ದು 1.4 ತೋರಿಸಿದರೆ ಅದು ಆರೋಗ್ಯದ ಲಕ್ಷಣ. ರೇಡಿಯಲ್‌ಗಳನ್ನು 45 ಡಿಗ್ರಿ ಕೆಳಗೆ ಬಾಗಿಸಿದರೆ 50ರ ಹತ್ತಿರ ಬರುತ್ತದೆ. ಅಡ್ಡ ರೇಡಿಯಲ್ ಇಟ್ಟೂ ನಿಖರವಾಗಿ 50 ಬಂದರೆ ನಾನು ಅನುಮಾನಪಡುತ್ತೇನೆ. ಹೆಚ್ಚುವರಿ 14 ಓಮ್ ಎಲ್ಲಿಂದ ಬಂತು? ಸಡಿಲ ಬೋಲ್ಟು, ಆಕ್ಸೈಡ್ ಹಿಡಿದ ಅಲ್ಯುಮಿನಿಯಂ ಜೋಡು, ಹತ್ತಿರದ ಚಾವಣಿಯಂಚಿನ ಮಳೆನೀರಿನ ದೋಣಿ, ಏನು ಬೇಕಾದರೂ ಇರಬಹುದು. ಅದು ನಷ್ಟದ ಓಮ್ ಆಗಿದ್ದರೆ ನೂರಕ್ಕೆ 28 ಪಾಲು ಶಕ್ತಿ ಅಲ್ಲಿ ಬಿಸಿಯಾಗುತ್ತಿದೆ. ಎಸ್‌ಡಬ್ಲ್ಯುಆರ್ ಮಾತ್ರ 1.0!

ಎಕ್ಸ್ ಸೊನ್ನೆಯಾಗುವ ಕಡೆ ರೆಸೊನೆನ್ಸ್. ಸರಳವಾದ ಕಾಲು ತರಂಗದ ಕೋಲಿಗೋ ಡೈಪೋಲಿಗೋ ಅದು ಎಲ್ಲಿ ಬಿದ್ದಿದೆ ಎಂದು ತಿಳಿದರೆ ಕತ್ತರಿಸಬೇಕಾದದ್ದು ಬರೀ ತ್ರೈರಾಶಿ. ಸೊನ್ನೆ 26.8ರಲ್ಲಿ ಬಿದ್ದು ನಿಮಗೆ 27.185 ಬೇಕಿದ್ದರೆ ಉದ್ದವನ್ನು ನೂರಕ್ಕೆ 1.4ರಷ್ಟು ಇಳಿಸಬೇಕು. 2.65 ಮೀಟರಿನ ಕೋಲಿನಲ್ಲಿ ಅದು ನಾಲ್ಕು ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ. ಒಂದೇ ಸಲಕ್ಕೆ ಅಷ್ಟನ್ನೂ ಕತ್ತರಿಸದೆ, ಒಳಕ್ಕೆ ಜಾರಿಸಿ ನೋಡುವಂತಿದ್ದರೆ ಮೊದಲು ಜಾರಿಸಿ ನೋಡಿ. ಎ-99ರಂಥ ಬಿಳಿ ಫೈಬರ್‌ಗ್ಲಾಸ್ ಕೋಲುಗಳ ಮಾತು ಬೇರೆ. ಅರ್ಧ ತರಂಗದ ಕೋಲಿಗೆ ಬುಡದಲ್ಲಿ ಸಾವಿರಾರು ಓಮ್ ಇರುತ್ತದೆ. ಅದನ್ನು 50ಕ್ಕೆ ಇಳಿಸುವ ಸುರುಳಿ ಒಳಗೇ ಅಡಗಿದೆ. ಅಲ್ಲಿ ಬುಡದ ಬಳಿಯ ಎರಡು ಉಂಗುರಗಳನ್ನು ತಿರುಗಿಸಿಯೇ ಹೊಂದಿಸಬೇಕು, ಕೋಲಿಗೆ ಗರಗಸ ತಾಗಿಸಬಾರದು.

ಉಪಕರಣ ಕೈಗೆ ಬಂದವರು ಮಾಡುವ ಅವಸರದ ತಪ್ಪು ಕ್ಯಾಲಿಬ್ರೇಷನ್ ಬಿಟ್ಟುಬಿಡುವುದು. ಮೊದಲು 26ರಿಂದ 28.5 ಮೆಗಾಹರ್ಟ್ಸ್ ಎಂದು ವ್ಯಾಪ್ತಿ ಗೊತ್ತುಮಾಡಿ. ಅನಂತರ ಓಪನ್ (ಬರಿದು), ಶಾರ್ಟ್ (ನೇರ ಜೋಡಣೆ), ಲೋಡ್ (50 ಓಮ್) ಎಂಬ ಮೂರು ಬಿರಡೆಗಳನ್ನೂ ಒಂದಾದ ಮೇಲೊಂದು ಸಿಕ್ಕಿಸಿ ಕ್ಯಾಲಿಬ್ರೇಟ್ ಮಾಡಿ. ವ್ಯಾಪ್ತಿ ಬದಲಿಸಿದರೆ ಮತ್ತೆ ಮಾಡಿ. ಎಲ್ಲಕ್ಕಿಂತ ಮುಖ್ಯ, ಈ ಮೂರನ್ನು ಎಲ್ಲಿ ಸಿಕ್ಕಿಸುತ್ತೀರಿ ಎಂಬುದು. ಉಪಕರಣದ ಬಾಯಿಯಲ್ಲಿ ಸಿಕ್ಕಿಸಿದರೆ ನೀವು ನೋಡುವುದು ಕೇಬಲ್ ಮತ್ತು ಆಂಟೆನಾ ಸೇರಿದ ಗೋಜಲನ್ನು. 50 ಓಮಿಗೆ ಸರಿಹೊಂದದ ಆಂಟೆನಾದ ಆರ್, ಎಕ್ಸ್‌ಗಳು ಕೇಬಲ್ಲಿನ ಉದ್ದಕ್ಕೂ ತಿರುಗುತ್ತಾ ಹೋಗುತ್ತವೆ. ಗಿಡ್ಡ ಆಂಟೆನಾ ಉದ್ದದ್ದರಂತೆಯೂ 25 ಓಮ್ 100ರಂತೆಯೂ ಕಾಣಬಹುದು. ಕೇಬಲ್ಲಿನ ಮೇಲಿನ ತುದಿಯಲ್ಲಿ, ಆಂಟೆನಾಕ್ಕೆ ಸೇರುವ ಜಾಗದಲ್ಲಿ ಓಪನ್, ಶಾರ್ಟ್, ಲೋಡ್ ಸಿಕ್ಕಿಸಿ ಕ್ಯಾಲಿಬ್ರೇಟ್ ಮಾಡಿದರೆ ಕೇಬಲ್ ಲೆಕ್ಕದಿಂದ ಹೊರಗೆ ಹೋಗಿ ಆಂಟೆನಾದ ನಿಜ ರೂಪ ಪರದೆಯ ಮೇಲೆ ಬರುತ್ತದೆ. ಇದನ್ನು ಕಂಬ ಏರಿಸುವ ಮೊದಲೇ ನೆಲದ ಮೇಲೆ ಮಾಡಿ ಉಪಕರಣದಲ್ಲಿ ಸೇವ್ ಮಾಡಿಟ್ಟುಕೊಳ್ಳಬಹುದು. ಕೇಬಲ್ ಅದೇ ಇರುವತನಕ ಅದು ಊರ್ಜಿತ.

ಇನ್ನೆರಡು ಎಚ್ಚರಿಕೆ. ಉಪಕರಣ ಸಿಕ್ಕಿಸುವ ಮೊದಲು ಕೇಬಲ್ಲಿನ ನಡುತಂತಿಯನ್ನು ಹೊರಜಾಲರಿಗೆ ಒಮ್ಮೆ ತಾಗಿಸಿ. ಒಣ ಗಾಳಿಗೆ ಆಂಟೆನಾದಲ್ಲಿ ಕೂಡಿದ ಸ್ಥಿರ ವಿದ್ಯುತ್ತು ಉಪಕರಣದ ಪ್ರಾಣ ತೆಗೆಯಬಲ್ಲದು. ಉಪಕರಣ ಸಿಕ್ಕಿಸಿರುವಾಗ ಪಕ್ಕದ ರೇಡಿಯೊದಲ್ಲಿ ಮೈಕ್ ಒತ್ತಬೇಡಿ.

ಅಳೆಯುವಾಗ ಆಂಟೆನಾ ಎಲ್ಲಿದೆ ಎಂಬುದೂ ಮುಖ್ಯ. ಅದನ್ನು ನೆಲದಿಂದ ನಾಲ್ಕು ಅಡಿ ಮೇಲೆ, ಗರಾಜಿನ ಪಕ್ಕದಲ್ಲಿ ಒರಗಿಸಿಟ್ಟಿದ್ದಾಗ ಬಂದ ಅಂಕಿಗೆ ಬೆಲೆಯಿಲ್ಲ. ಸಿಬಿಯಲ್ಲಿ ತರಂಗದ ಉದ್ದ 11 ಮೀಟರ್. ಅದರ ಕಾಲು ಭಾಗ ಎಂದರೆ ಒಂಬತ್ತು ಅಡಿ. ಅಷ್ಟರೊಳಗೆ ಇರುವ ಮಳೆನೀರಿನ ಲೋಹದ ದೋಣಿ, ಅಲ್ಯುಮಿನಿಯಂ ಸೈಡಿಂಗ್, ಅಟ್ಟದ ಫಾಯಿಲ್ ಎಲ್ಲವೂ ಆಂಟೆನಾದ ಭಾಗವಾಗಿಬಿಡುತ್ತವೆ. ಮಳೆಯಲ್ಲಿ, ಹಿಮ ಹೆಪ್ಪುಗಟ್ಟಿದಾಗ ರೆಸೊನೆನ್ಸ್ ಕೆಳಕ್ಕೆ ಸರಿಯುವುದು ಸಹಜ. ಒಣಗಿದ ಮೇಲೆ ಅದು ತಾನಾಗಿ ಹಿಂದಕ್ಕೆ ಬರಬೇಕು. ಬಾರದಿದ್ದರೆ ನೀರು ಒಳಗೆ ಸೇರಿದೆ ಎಂದು ಅರ್ಥ.

ಕೇಬಲ್ಲಿನ ಹೊರಮೈ ಬಗ್ಗೆಯೂ ಹೇಳಲೇಬೇಕು. ಹಳಬರು ನಿಮಗೆ ಕೇಬಲ್ 18 ಅಡಿಯೇ ಇರಬೇಕು, ಅದರ ಮಡಿಕೆಗಳಲ್ಲೇ ಇರಬೇಕು ಎಂದಿರಬಹುದು. 50 ಓಮಿನ ಒಳ್ಳೆಯ ಕೇಬಲ್ಲಿನ ಉದ್ದ ಬದಲಿಸಿದರೆ, ನಷ್ಟದಿಂದಾಗುವ ಸಣ್ಣ ಇಳಿಕೆ ಬಿಟ್ಟರೆ, ಎಸ್‌ಡಬ್ಲ್ಯುಆರ್ ಬದಲಾಗಬಾರದು. ಮೂರು ಅಡಿ ಸೇರಿಸಿದ್ದಕ್ಕೆ 1.3 ಇದ್ದದ್ದು 1.9 ಆದರೆ, ಕೇಬಲ್ಲನ್ನು ಕೈಯಲ್ಲಿ ಹಿಡಿದ ಕೂಡಲೇ ಮೀಟರಿನ ಮುಳ್ಳು ಅಲ್ಲಾಡಿದರೆ, ಜಾಲರಿಯ ಹೊರಮೈ ಮೇಲೆ ವಿದ್ಯುತ್ ಹರಿಯುತ್ತಿದೆ. ನಿಮ್ಮ ಕೇಬಲ್ಲೂ ಆಂಟೆನಾ ಆಗಿಬಿಟ್ಟಿದೆ. ಅದು ಮನೆಯ ಗೋಡೆಗೆ ಶಕ್ತಿ ಉಗುಳುತ್ತದೆ, ಪಕ್ಕದ ಮನೆಯ ಸ್ಪೀಕರಿನಲ್ಲಿ ನಿಮ್ಮ ದನಿ ಬರುತ್ತದೆ, ಮನೆಯೊಳಗಿನ ಎಲ್‌ಇಡಿ ಬಲ್ಬು, ಚಾರ್ಜರುಗಳ ಗದ್ದಲವನ್ನೆಲ್ಲ ಎತ್ತಿಕೊಂಡು ರೇಡಿಯೊಕ್ಕೆ ತರುತ್ತದೆ. ರೇಡಿಯಲ್ ಇಲ್ಲದ ಅರ್ಧ ತರಂಗದ ಕೋಲುಗಳಲ್ಲಿ ಇದು ಹೆಚ್ಚು. ಕೇಬಲ್ಲಿನ ಉದ್ದ ಹೊಂದಿಸುತ್ತಾ ಕೂರುವುದು ಇದಕ್ಕೆ ಮದ್ದಲ್ಲ. 31 ಅಥವಾ 43 ಎಂಬ ಮಿಶ್ರಣದ ಫೆರೈಟ್ ಉಂಗುರದೊಳಗೆ ಕೇಬಲ್ಲನ್ನು ಕೆಲವು ಸುತ್ತು ಹಾಯಿಸಿ ಆಂಟೆನಾದ ಬುಡದಲ್ಲೇ ಕಟ್ಟಿ. ಕಟ್ಟುವ ಮುಂಚೆ, ಕಟ್ಟಿದ ಮೇಲೆ ಎರಡು ಸಲವೂ ಅಳೆಯಿರಿ. ಎಸ್‌ಡಬ್ಲ್ಯುಆರ್ ಕೆಟ್ಟರೂ ಬೇಸರ ಬೇಡ. ಈಗ ಕಾಣುತ್ತಿರುವುದೇ ಆಂಟೆನಾದ ಸ್ವಂತ ಅಂಕಿ, ಹೊಂದಿಸುವ ಕೆಲಸ ಈಗ ಶುರು.

ಇಷ್ಟೆಲ್ಲ ಆದ ಮೇಲೂ ಆಂಟೆನಾ ಅಲೆಯನ್ನು ಎಷ್ಟು ಚೆನ್ನಾಗಿ ಕಳಿಸುತ್ತದೆ ಎಂಬುದು ಗಾಳಿಯಲ್ಲೇ ತೀರ್ಮಾನವಾಗಬೇಕು. ಒಬ್ಬರು “ಇವತ್ತು ಚೆನ್ನಾಗಿ ಕೇಳ್ತಿದೆ” ಎಂದರೆ ಅದು ಅಳತೆಯಾಗುವುದಿಲ್ಲ. ಅಯಾನುಗೋಳದಿಂದ ಬರುವ ಸಿಗ್ನಲ್ ನಿಮಿಷದೊಳಗೆ ಏರಿಳಿಯುತ್ತದೆ. ಹೋಲಿಸಲು ಎರಡನೆಯ ಆಂಟೆನಾ ಬೇಕು. ತಲಾ 2.62 ಮೀಟರಿನ ಎರಡು ತಂತಿಗಳ ಒಂದು ಡೈಪೋಲನ್ನು ಅಷ್ಟೇ ಎತ್ತರದಲ್ಲಿ, ನೆಟ್ಟಗೆ, ಒಂದಿಷ್ಟು ದೂರದಲ್ಲಿ ತೂಗುಹಾಕಿ. ಎರಡೂ ಕೇಬಲ್‌ಗಳ ಉದ್ದ, ಜಾತಿ ಒಂದೇ ಇರಲಿ. ನಡುವೆ ಒಂದು ಕೋಆಕ್ಸ್ ಸ್ವಿಚ್. ಹತ್ತಿಪ್ಪತ್ತು ಮೈಲಿ ದೂರದ, ಸ್ಥಿರವಾಗಿ ಬರುವ ಸ್ಥಳೀಯರೊಬ್ಬರು ಮಾತಾಡುವಾಗ ಅತ್ತಿತ್ತ ಬದಲಿಸಿ ನೋಡಿ. ಸಿಬಿ ರೇಡಿಯೊಗಳ ಎಸ್ ಮೀಟರ್ ಮನೆಗೆ ಆರು ಡೆಸಿಬೆಲ್ ಎಂಬ ಲೆಕ್ಕವನ್ನು ಬಹಳ ಸಲ ಪಾಲಿಸುವುದಿಲ್ಲ. ಆದರೆ ಯಾವುದು ಮೇಲು, ಯಾವುದು ಕೆಳಗೆ ಎಂಬುದನ್ನು ಸುಳ್ಳಿಲ್ಲದೆ ಹೇಳುತ್ತದೆ. ಬೇರೆ ಬೇರೆ ದಿಕ್ಕಿನವರನ್ನು ಕೇಳಿ ನೋಡಿದರೆ ಇನ್ನೂ ಒಳ್ಳೆಯದು.

ಎಸ್‌ಡಿಆರ್ (ಕಂಪ್ಯೂಟರ್ ಮೂಲಕ ಕೇಳುವ ರೇಡಿಯೊ) ಅಥವಾ ಶಾರ್ಟ್‌ವೇವ್ ರಿಸೀವರ್ ಇರುವವರಿಗೆ ಇನ್ನೊಂದು ಸೊಗಸಾದ ದಾರಿ ಇದೆ. ನಮ್ಮ ಪಟ್ಟಿಯ ಸ್ವಲ್ಪ ಮೇಲೆ, 28.200 ಮೆಗಾಹರ್ಟ್ಸ್‌ನಲ್ಲಿ, ಜಗತ್ತಿನ 18 ಹ್ಯಾಮ್ ಬೀಕನ್‌ಗಳು ಸರದಿಯ ಮೇಲೆ ಹತ್ತು ಹತ್ತು ಸೆಕೆಂಡ್ ಕೂಗುತ್ತವೆ. ಮೂರು ನಿಮಿಷಕ್ಕೆ ಒಂದು ಸುತ್ತು. ಪ್ರತಿಯೊಂದೂ ತನ್ನ ಹೆಸರನ್ನು ಮೋರ್ಸ್‌ನಲ್ಲಿ 100 ವ್ಯಾಟ್‌ನಲ್ಲಿ ಹೇಳಿ, ಆಮೇಲೆ ನಾಲ್ಕು ಉದ್ದ ಗೀಟು ಹಾಕುತ್ತದೆ. ಮೊದಲನೆಯದು 100 ವ್ಯಾಟ್, ಎರಡನೆಯದು 10, ಮೂರನೆಯದು 1, ಕೊನೆಯದು 0.1. ನಿಮಗೆ ಎಷ್ಟನೆಯ ಗೀಟಿನವರೆಗೆ ಕೇಳಿತು ಎಂಬುದೇ ಒಂದು ಅಳತೆಗೋಲು, ಗೀಟಿನಿಂದ ಗೀಟಿಗೆ ಸರಿಯಾಗಿ 10 ಡೆಸಿಬೆಲ್. ಎರಡು ಆಂಟೆನಾಗಳ ನಡುವೆ ಸ್ವಿಚ್ ತಿರುಗಿಸುತ್ತಾ ಹಲವು ಸುತ್ತು ಕೇಳಿ. ನ್ಯೂಯಾರ್ಕಿನ ವಿಶ್ವಸಂಸ್ಥೆಯ 4ಯು1ಯುಎನ್, ಕ್ಯಾಲಿಫೋರ್ನಿಯಾದ ಡಬ್ಲ್ಯು6ಡಬ್ಲ್ಯುಎಕ್ಸ್, ಶ್ರೀಲಂಕಾದ 4ಎಸ್7ಬಿ ಆ ಪಟ್ಟಿಯಲ್ಲಿವೆ. ರೇಡಿಯೊ ಸಿಲೋನ್ ಕೇಳಲು ತೆಂಗಿನ ಮರಕ್ಕೆ ತಂತಿ ಕಟ್ಟಿದ ಮನೆಗಳಿಂದ ಬಂದವರು ನಮ್ಮಲ್ಲಿ ಬಹಳ ಜನ. ಅದೇ ದ್ವೀಪದ ಮೋರ್ಸ್ ನಿಮ್ಮ ಆಂಟೆನಾಕ್ಕೆ ಬಿದ್ದ ದಿನ ಎಷ್ಟನೆಯ ಗೀಟಿನವರೆಗೆ ಕೇಳಿತೆಂದು ಗುರುತು ಹಾಕಿಕೊಳ್ಳಿ.

ನಿಯಮಗಳ ಮಾತು ಬೇಗ ಮುಗಿಸುತ್ತೇನೆ. ಆಂಟೆನಾದ ತುದಿ ನೆಲದಿಂದ 60 ಅಡಿ, ಇಲ್ಲವೇ ಅದನ್ನು ಕೂರಿಸಿದ ಕಟ್ಟಡ ಅಥವಾ ಮರದ ತುದಿಯಿಂದ 20 ಅಡಿ ಮೀರಬಾರದು. ಟಿವಿ ಡಿಷ್‌ಗಳಿಗೆ ರಕ್ಷಣೆ ಕೊಡುವ ಎಫ್‌ಸಿಸಿ ನಿಯಮ ಸಿಬಿ ಆಂಟೆನಾಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ನಿಮ್ಮ ಬಡಾವಣೆಯ ಮನೆ ಮಾಲೀಕರ ಸಂಘದ ಎಚ್‌ಒಎ ಕಾಗದವನ್ನು ಮೊದಲೇ ಓದಿ. ಕಂಬಕ್ಕೆ ಹಾಕುವ ಗ್ರೌಂಡ್ ರಾಡನ್ನು ಮನೆಯ ವಿದ್ಯುತ್ ಗ್ರೌಂಡಿಗೆ ದಪ್ಪ ತಾಮ್ರದ ತಂತಿಯಿಂದ ಸೇರಿಸಲೇಬೇಕು, ಪ್ರತ್ಯೇಕವಾಗಿ ಬಿಡುವುದು ಅಪಾಯ.

ಇಲ್ಲಿಂದ ಮುಂದಿನದನ್ನು ದಯವಿಟ್ಟು ನಿಧಾನವಾಗಿ ಓದಿ. 1970ರ ದಶಕದಲ್ಲಿ ಸಿಬಿ ಈ ದೇಶದ ಮನೆಮನೆಗೆ ನುಗ್ಗಿದಾಗ, ಆಂಟೆನಾ ಏರಿಸುವಾಗ ಮತ್ತು ಇಳಿಸುವಾಗ ವಿದ್ಯುತ್ ತಂತಿ ತಗುಲಿ ಜನ ಸತ್ತರು. ಆ ಸಾವುಗಳಿಂದಾಗಿ ಇಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 1982ರಲ್ಲಿ ಸಿಬಿ ಬೇಸ್ ಆಂಟೆನಾಗಳಿಗೆಂದೇ ಒಂದು ಸುರಕ್ಷತಾ ಮಾನದಂಡ ಹೊರಡಿಸಿತು. 1983ರ ಮೇ ತಿಂಗಳಿಂದ ಅದು ಜಾರಿಯಲ್ಲಿದೆ. 14,500 ವೋಲ್ಟಿನ ತಂತಿಗೆ ತಾಗಿದರೂ ಹಿಡಿದವರ ಮೈಯಲ್ಲಿ ಮಾರಕ ವಿದ್ಯುತ್ ಹರಿಯದಂತೆ, ಸುತ್ತಲೂ ಪ್ರಸರಿಸುವ ಆಂಟೆನಾಗಳಿಗೆ ನಿರೋಧಕ ವ್ಯವಸ್ಥೆ ಇರಬೇಕು ಎಂಬುದು ಅದರ ತಿರುಳು. ನೀವು ಹಿಡಿದ ಕಬ್ಬಿಣದ ಕಂಬಕ್ಕೆ, ಮನೆಯಲ್ಲೇ ಮಾಡಿದ ಅಲ್ಯುಮಿನಿಯಂ ಕೋಲಿಗೆ, ಹಳೆಯ ಸಾಮಾನಿನ ಅಂಗಡಿಯಿಂದ ತಂದ ಆಂಟೆನಾಕ್ಕೆ ಆ ರಕ್ಷಣೆ ಇದೆ ಎಂದು ನಂಬಬೇಡಿ.

ಅಳತೆಯ ಪತ್ರದಲ್ಲಿ ಇದನ್ನು ಬರೆಯಲು ಕಾರಣವಿದೆ. ಹೊಂದಿಸುವ ಕೆಲಸ ಎಂದರೆ ಕಂಬವನ್ನು ಮತ್ತೆ ಮತ್ತೆ ಇಳಿಸುವುದು, ಏರಿಸುವುದು. ಮೀಟರನ್ನೇ ಪರೀಕ್ಷಿಸದೆ, ಕೇಬಲ್ ನಷ್ಟ ತಿಳಿಯದೆ, 1.4ನ್ನು 1.1 ಮಾಡಲು ಹೊರಟವರು ಬೇಡದಿದ್ದರೂ ಹಲವು ಸಲ ಆ ಅಪಾಯದೊಳಕ್ಕೆ ಹೋಗುತ್ತಾರೆ. ಕತ್ತಲಾದ ಮೇಲೆ, ಗಾಳಿ ಎದ್ದಾಗ, ಒಬ್ಬರೇ ಇದ್ದಾಗ ಕಂಬ ಮುಟ್ಟಬೇಡಿ. ಕಂಬ ಮತ್ತು ಆಂಟೆನಾ ಸೇರಿದ ಉದ್ದದ ಎರಡರಷ್ಟು ದೂರದಲ್ಲಿ ಯಾವ ದಿಕ್ಕಿನಲ್ಲೂ ವಿದ್ಯುತ್ ತಂತಿ ಇರದ ಜಾಗವನ್ನೇ ಆರಿಸಿ. ಮನೆಗೆ ಬರುವ ಸರ್ವಿಸ್ ತಂತಿಯನ್ನೂ ಲೆಕ್ಕಕ್ಕೆ ಸೇರಿಸಿ. ಅಂಥ ಜಾಗ ನಿಮ್ಮ ಹಿತ್ತಲಲ್ಲಿ ಇಲ್ಲದಿದ್ದರೆ ಕಂಬದ ಉದ್ದವನ್ನೇ ಇಳಿಸಿ. ಗಿಡ್ಡ ಕಂಬದ ಮೇಲಿನ ಆಂಟೆನಾ ಕೂಡ ಒಳ್ಳೆಯ ಕೇಬಲ್ ಇದ್ದರೆ ಮಾತಾಡುತ್ತದೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಒಂದು ನೋಟ್‌ಬುಕ್ ಇಡಿ. ಕೇಬಲ್ಲಿನ ಜಾತಿ, ಉದ್ದ, ಅಳೆದ ನಷ್ಟ, 1, 20, 40ನೇ ಚಾನೆಲ್‌ಗಳಲ್ಲಿ ಆರ್, ಎಕ್ಸ್ ಮತ್ತು ಎಸ್‌ಡಬ್ಲ್ಯುಆರ್, ಅಂದಿನ ಹವೆ, ಕ್ಯಾಲಿಬ್ರೇಟ್ ಮಾಡಿದ ಜಾಗ, ಇವನ್ನು ತಾರೀಖು ಹಾಕಿ ಬರೆಯಿರಿ. ಚಳಿಗಾಲಕ್ಕೆ ಮುಂಚೆ ಒಮ್ಮೆ, ಹಿಮ ಕರಗಿದ ಮೇಲೆ ಒಮ್ಮೆ ಮತ್ತೆ ಅಳೆಯಿರಿ. ನಿಮ್ಮ ಊರಿನ ಕನ್ನಡ ಕೂಟದಲ್ಲಿ ಒಂದು ನ್ಯಾನೊವಿಎನ್‌ಎ, ಒಂದು ಡಮ್ಮಿ ಲೋಡ್, ಒಂದು ಟಿ ಕನೆಕ್ಟರ್ ಕೊಂಡು ಸರದಿಯ ಮೇಲೆ ಹಂಚಿಕೊಂಡರೆ ಎಲ್ಲರಿಗೂ ಸಾಕು. ಇನ್ನು ಮುಂದೆ ಯಾರಾದರೂ “ಎಸ್‌ಡಬ್ಲ್ಯುಆರ್ 1.2” ಎಂದಾಗ, ಎಲ್ಲಿ ಅಳೆದದ್ದು, ಎಂಥ ಕೇಬಲ್ಲಿನ ತುದಿಯಲ್ಲಿ ಎಂದು ಕೇಳಿ. ಕಂಬ ಏರಿಸಲು ಅವರು ಕರೆದರೆ ಹೋಗಿ ಕೈಜೋಡಿಸಿ.

ಇತಿ,
ನಿಮ್ಮಂತೆಯೇ ಮನೆಯ ಮೇಲೆ ಆಂಟೆನಾ ಇಟ್ಟುಕೊಂಡಿರುವ ಒಬ್ಬ ಕನ್ನಡಿಗ